ವಾಕಿಂಗ್ ಬೇಕು, ಬಸ್ಕಿಯೂ ಬೇಕು

ಮಾನ್ಯ ಸಂಪಾದಕರೇ,

ಅರವತ್ತು ದಾಟಿದವರಿಗೆ ಯಾರೇ ಆರೋಗ್ಯದ ಮಾತು ಹೇಳಲಿ, ‘ದಿನಾ ವಾಕಿಂಗ್ ಮಾಡಿ’ ಎಂಬಲ್ಲಿಗೆ ಅದು ಮುಗಿಯುತ್ತದೆ. ವೈದ್ಯರ ಚೀಟಿಯಲ್ಲೂ ಅದೇ, ಮಕ್ಕಳ ಒತ್ತಾಯದಲ್ಲೂ ಅದೇ, ಪತ್ರಿಕೆಗಳ ಆರೋಗ್ಯ ಪುಟದಲ್ಲೂ ಬಹುತೇಕ ಅದೇ. ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ನಡಿಗೆಯಿಂದ ಹೃದಯಕ್ಕೆ, ಶ್ವಾಸಕೋಶಕ್ಕೆ, ಬಿಪಿ ಮತ್ತು ಸಕ್ಕರೆಯ ಹತೋಟಿಗೆ ಅನುಕೂಲ ಉಂಟು. ಆದರೆ ಕೈ ಊರದೆ ಕುರ್ಚಿಯಿಂದ ಏಳುವುದಕ್ಕೆ, ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವುದಕ್ಕೆ, ಎಡವಿದಾಗ ಥಟ್ಟನೆ ಇನ್ನೊಂದು ಹೆಜ್ಜೆ ಮುಂದಿಟ್ಟು ಮೈ ಹಿಡಿದುಕೊಳ್ಳುವುದಕ್ಕೆ ಬೇಕಾದ ಬಲ ಸಮತಟ್ಟು ಹಾದಿಯ ನಡಿಗೆಯಿಂದ ಸಾಕಷ್ಟು ಬರುವುದಿಲ್ಲ. ಮುಪ್ಪಿನಲ್ಲಿ ಮನುಷ್ಯನನ್ನು ಹಾಸಿಗೆಗೆ ಕಟ್ಟುವುದು ಹಲವು ಬಾರಿ ಈ ಬಲದ ಕೊರತೆಯೇ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ‘ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ’ ಎಂಬ ಸಾಲು ಎಲ್ಲರಿಗೂ ಗೊತ್ತು. ಅದೇ ಮಾರ್ಗಸೂಚಿ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮ ಬೇಕು ಎನ್ನುತ್ತದೆ. 65 ದಾಟಿದವರಿಗೆ ಮೂರು ಅಥವಾ ಹೆಚ್ಚು ದಿನ ಬಲ ಮತ್ತು ಸಮತೋಲನ ಎರಡನ್ನೂ ಬೆಳೆಸುವ ವ್ಯಾಯಾಮ ಬೇಕು ಎಂದೂ ಹೇಳುತ್ತದೆ. ಈ ಎರಡು ಸಾಲುಗಳು ನಮ್ಮ ಊರುಗಳ ಪಾರ್ಕಿಗೆ ಇನ್ನೂ ತಲುಪಿಲ್ಲ.

ಕಾರಣ ಸ್ನಾಯುವಿನೊಳಗಿದೆ. ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗುತ್ತದೆ, ಅರವತ್ತರ ನಂತರ ಆ ವೇಗ ಹೆಚ್ಚುತ್ತದೆ. ಹೆಚ್ಚು ಸವೆಯುವುದು ಥಟ್ಟನೆ ಬಿಗಿದು ಜೋರು ತೋರಿಸುವ ಎಳೆಗಳು. ನಿಧಾನದ ನಡಿಗೆಗೆ ಆ ಎಳೆಗಳ ಅಗತ್ಯವೇ ಬೀಳುವುದಿಲ್ಲ, ದುಡಿಯುವುದೆಲ್ಲ ನಿಧಾನ ಎಳೆಗಳೇ. ಹಾಗಾಗಿ ವರ್ಷಗಟ್ಟಲೆ ತಪ್ಪದೆ ವಾಕಿಂಗ್ ಹೋದವರೂ ಒಂದು ದಿನ ಬಚ್ಚಲಲ್ಲಿ ಕಾಲು ಜಾರಿದಾಗ ಸಾವರಿಸಿಕೊಳ್ಳಲಾರದೆ ಹೋಗುತ್ತಾರೆ. ಬೀಳುವುದು ಸಣ್ಣ ವಿಷಯವಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯದೇ ಅಂದಾಜು. ಅವರಲ್ಲಿ ವಯಸ್ಸಾದವರ ಪಾಲೇ ದೊಡ್ಡದು.

‘ಈ ವಯಸ್ಸಿನಲ್ಲಿ ಇನ್ನೇನು ಬಲ ಬರುತ್ತೆ’ ಎನ್ನುವವರಿಗೆ 1990ರಲ್ಲಿ ಅಮೆರಿಕದ ವೈದ್ಯೆ ಮಾರಿಯಾ ಫಿಯಾಟರೋನ್ ತಂಡ ಪ್ರಕಟಿಸಿದ ಅಧ್ಯಯನವೇ ಉತ್ತರ. ವೃದ್ಧಾಶ್ರಮದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ತೊಡೆಯ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ತೀರಾ ಸೊರಗಿದ್ದ ಸ್ನಾಯುವಾದ್ದರಿಂದ ಏರಿಕೆ ಅಷ್ಟು ದೊಡ್ಡದಾಗಿ ಕಂಡಿತು ಎಂಬುದು ನಿಜ. ಆದರೂ ತೊಂಬತ್ತರಲ್ಲೂ ಸ್ನಾಯು ಕಲಿಯುತ್ತದೆ ಎಂಬುದನ್ನು ಇನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಮೊದಲು ನಿಮ್ಮ ಕಾಲು ಎಲ್ಲಿದೆ ಎಂದು ಅಳೆದುಕೊಳ್ಳಿ. ಕೈಯಿಲ್ಲದ, ಗಟ್ಟಿಯಾದ, ನೆಲದಿಂದ ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿ ಸಾಕು. ಅದರ ಬೆನ್ನನ್ನು ಗೋಡೆಗೆ ಒತ್ತಿ ಇಡಬೇಕು. ಪ್ಲಾಸ್ಟಿಕ್ ಕುರ್ಚಿ ಹಗುರ, ಏಳುವಾಗ ಹಿಂದಕ್ಕೆ ಜಾರುತ್ತದೆ, ಅದು ಬೇಡ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರುತ್ತೀರಿ ಎಂದು ಎಣಿಸಿ. ಪಕ್ಕದಲ್ಲಿ ಒಬ್ಬರು ಗಡಿಯಾರ ಹಿಡಿದು ನಿಂತಿರಲಿ. 65ರಿಂದ 69ರ ಪ್ರಾಯದಲ್ಲಿ ಗಂಡಸರಿಗೆ 12, ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ, 75ರಿಂದ 79ರಲ್ಲಿ ಗಂಡಸರಿಗೆ 11, ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ತಿಳಿಯಬೇಕು. ಕೈ ಊರದೆ ಏಳಲಾಗದಿದ್ದರೆ ಎಣಿಕೆ ಸೊನ್ನೆ. ಸೊನ್ನೆ ಬಂದವರು ನಾಚಿಕೊಳ್ಳಬೇಕಿಲ್ಲ, ವ್ಯಾಯಾಮದಿಂದ ಅತಿ ಹೆಚ್ಚು ಲಾಭ ಸಿಗುವುದು ಅವರಿಗೇ.

ಇನ್ನು ವ್ಯಾಯಾಮ. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರಿದೆ: ಬಸ್ಕಿ. ಗರಡಿಮನೆಗಳಲ್ಲಿ ದಂಡದ ಜೊತೆಗೆ ಸಾಧನೆಯಾಗಿದ್ದದ್ದು ಶಾಲೆಗೆ ಬಂದು ಶಿಕ್ಷೆಯಾಯಿತು. ಆ ಅವಮಾನದ ನೆನಪಿನಿಂದಲೋ ಏನೋ, ದೊಡ್ಡವರಾದ ಮೇಲೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಹಿರಿಯರಿಗೆ ಬೇಕಾದದ್ದು ಪೂರ್ತಿ ಕುಕ್ಕರಗಾಲಿನ ಬಸ್ಕಿಯಲ್ಲ, ಕುರ್ಚಿಯ ಬಸ್ಕಿ.

ಕುರ್ಚಿಯ ಮುಂತುದಿಗೆ ಸರಿದು ಕೂರಿ. ಎರಡು ಪಾದಗಳ ನಡುವೆ ಸೊಂಟದಷ್ಟು ಅಗಲ ಇರಲಿ, ಪಾದಗಳು ಮಂಡಿಗಿಂತ ತುಸು ಹಿಂದಕ್ಕೆ ಇರಲಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಉಸಿರು ಬಿಡುತ್ತಾ ಎದ್ದು ನಿಲ್ಲಿ. ಕೂರುವಾಗ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸುತ್ತಾ ನಿಧಾನ ಇಳಿಯಿರಿ. ಈ ಇಳಿಯುವ ಭಾಗಕ್ಕೇ ಅರ್ಧ ಬೆಲೆ, ಧೊಪ್ಪೆಂದು ಕೂತರೆ ಅದು ನಷ್ಟ. ಎಂಟರಿಂದ ಹತ್ತು ಸಲ ಮಾಡಿ, ಒಂದೆರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ದುಡಿದ ಸ್ನಾಯು ಕಟ್ಟಿಕೊಳ್ಳಲು ನಡುವಿನ ಬಿಡುವು ಬೇಕೇ ಬೇಕು.

ತಪ್ಪುಗಳು ಆಗುವುದು ನಾಲ್ಕೈದು ಕಡೆ. ಏಳುವಾಗ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ಹತ್ತಿರವಾದರೆ ಮಂಡಿ ನೋಯುತ್ತದೆ. ಎರಡನೇ ಕಾಲ್ಬೆರಳಿನ ನೇರಕ್ಕೇ ಮಂಡಿ ಇರಬೇಕು. ಉಸಿರು ಬಿಗಿಹಿಡಿದರೆ ಬಿಪಿ ಒಮ್ಮೆಲೇ ಏರುತ್ತದೆ, ಆದ್ದರಿಂದ ಎಣಿಕೆಯನ್ನು ಗಟ್ಟಿಯಾಗಿ ಹೇಳಿ. ಬಾಯಿ ಮಾತಾಡುತ್ತಿದ್ದರೆ ಉಸಿರು ಕಟ್ಟಲಾಗದು. ತೊಡೆಯ ಮೇಲೆ ಕೈ ಒತ್ತಿ ಏಳುವವರು ಕೆಲಸವನ್ನು ಕಾಲಿನಿಂದ ಕೈಗೆ ದಾಟಿಸಿರುತ್ತಾರೆ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಅದೇ ಹತ್ತನ್ನು ಆರು ತಿಂಗಳು ಹಾಗೇ ಮಾಡುತ್ತಿರುವುದು. ಕಷ್ಟ ಕೊಡದ ಕೆಲಸಕ್ಕೆ ಸ್ನಾಯು ಬೆಳೆಯುವುದಿಲ್ಲ. ಕೊನೆಯ ಎರಡು ಮೂರು ಸಲ ಏಳುವಾಗ ತಿಣುಕುವಂತಿರಬೇಕು, ಆದರೂ ‘ಬೇಕಿದ್ದರೆ ಇನ್ನೆರಡು ಮಾಡಬಲ್ಲೆ’ ಎನ್ನುವಷ್ಟು ಉಳಿದಿರಬೇಕು. ಹನ್ನೆರಡರ ಎರಡು ಸುತ್ತು ಸಲೀಸಾದ ದಿನ ಒಂದು ಮೆಟ್ಟಿಲು ಮೇಲೇರಿ. ಎರಡು ಕೈ ಊರುತ್ತಿದ್ದವರು ಒಂದು ಕೈ ಊರಲಿ, ಆಮೇಲೆ ಕೈ ಬಿಡಲಿ. ಕೈ ಬಿಟ್ಟವರು ಎರಡು ಕೆ.ಜಿ. ಅಕ್ಕಿ ತುಂಬಿದ ಬಟ್ಟೆ ಚೀಲವನ್ನು ಎದೆಗೆ ಅವಚಿಕೊಂಡು ಮಾಡಲಿ. ಆಮೇಲೆ ಇನ್ನೂ ತಗ್ಗಿನ ಸ್ಟೂಲ್ ಹುಡುಕಿಕೊಳ್ಳಲಿ.

‘ಮಂಡಿ ಸವೆದಿದೆ, ಡಾಕ್ಟರು ಮೆಟ್ಟಿಲು ಬೇಡ ಅಂದಿದ್ದಾರೆ’ ಎಂಬ ಮಾತು ತುಂಬಾ ಕೇಳಿಬರುತ್ತದೆ. ಸವೆದ ಮಂಡಿಗೆ ತೊಡೆಯ ಮುಂಭಾಗದ ಸ್ನಾಯುವೇ ಆಸರೆ, ಅದನ್ನು ಸೊರಗಿಸಿದಷ್ಟೂ ಮಂಡಿಗೆ ಬೀಳುವ ಹೊರೆ ಹೆಚ್ಚು. ಇಂಥವರು ಕುರ್ಚಿಯ ಮೇಲೆ ಗಟ್ಟಿ ದಿಂಬಿಟ್ಟು ಎತ್ತರ ಹೆಚ್ಚಿಸಿಕೊಂಡು ಶುರುಮಾಡಬಹುದು. ಅದೂ ಆಗದಿದ್ದರೆ ಕೂತಲ್ಲೇ ಒಂದು ಕಾಲನ್ನು ನೇರ ಚಾಚಿ ಐದು ಸೆಕೆಂಡ್ ಹಿಡಿದು ಇಳಿಸುವುದನ್ನು ಹತ್ತು ಸಲ ಮಾಡಬಹುದು. ನೋವನ್ನು ಹತ್ತಕ್ಕೆ ಅಳೆದುಕೊಳ್ಳಿ. ಮೂರು, ನಾಲ್ಕರೊಳಗಿದ್ದು ಮಾರನೆಯ ದಿನಕ್ಕೆ ತಗ್ಗಿದರೆ ಮುಂದುವರಿಸಬಹುದು. ಕೀಲು ಊದಿದರೆ, ಚುಚ್ಚಿದಂತೆ ನೋವು ಬಂದರೆ ಎಣಿಕೆ ಅರ್ಧಕ್ಕಿಳಿಸಿ. ಮೊದಲ ವಾರ ತೊಡೆ ಒಂದೆರಡು ದಿನ ಹಿಡಿದಂತಾಗುವುದು ಸಹಜ, ಅದು ಕೀಲಿನ ನೋವಲ್ಲ.

ಬಸ್ಕಿಯ ಜೊತೆಗೆ ಇನ್ನು ಮೂರು ಸಾಕು, ಮೂರೂ ಅಡುಗೆ ಕಟ್ಟೆ ಹಿಡಿದು ಮಾಡುವಂಥವು. ಎರಡೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ನಿಧಾನ ಇಳಿಯುವುದು ಮೀನಖಂಡಕ್ಕೆ. ಹಿಮ್ಮಡಿ ಊರಿ ಮುಂಗಾಲು ಎತ್ತುವುದು ಮೊಣಕಾಲ ಕೆಳಗಿನ ಮುಂಭಾಗಕ್ಕೆ. ವಯಸ್ಸಾದವರು ಹೊಸ್ತಿಲು, ಚಾಪೆಯ ಅಂಚು ಎಡವುವುದು ಮುಂಗಾಲು ಸಾಕಷ್ಟು ಮೇಲೇಳದೆ ಇರುವುದರಿಂದಲೇ. ಮೂರನೆಯದು, ಮೈ ವಾಲಿಸದೆ ಒಂದು ಕಾಲನ್ನು ಪಕ್ಕಕ್ಕೆ ಎತ್ತುವುದು. ಪಕ್ಕಕ್ಕೆ ಬೀಳುವವರಿಗೇ ಸೊಂಟದ ಕೀಲಿನ ಮೂಳೆ ಮುರಿಯುವುದು ಹೆಚ್ಚು. ಆ ಕಡೆಗೆ ವಾಲದಂತೆ ಹಿಡಿಯುವ ಸ್ನಾಯು ಇದು. ತಲಾ ಹತ್ತರಿಂದ ಹದಿನೈದು. ತೋಳಿಗೆಂದು ಗೋಡೆಗೆ ಕೈಯಾನಿಸಿ ದಂಡ ಹೊಡೆದರೆ ಆಯಿತು.

ಸಮತೋಲನ ಬೇರೆಯೇ ವಿದ್ಯೆ, ಅದನ್ನು ದಿನವೂ ಮಾಡಬಹುದು. ಎರಡು ಗೋಡೆ ಕೂಡುವ ಮೂಲೆಗೆ ಬೆನ್ನು ಮಾಡಿ, ಎದುರಿಗೆ ಭಾರದ ಕುರ್ಚಿ ಇಟ್ಟುಕೊಂಡು ನಿಂತರೆ ಯಾವ ಕಡೆ ವಾಲಿದರೂ ಆಸರೆ ಇರುತ್ತದೆ. ಮೊದಲು ಪಾದ ಜೋಡಿಸಿ ನಿಲ್ಲುವುದು. ಆಮೇಲೆ ಒಂದರ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿನ ಪಕ್ಕಕ್ಕಿಟ್ಟು ನಿಲ್ಲುವುದು. ಆಮೇಲೆ ಹಗ್ಗದ ಮೇಲೆ ನಿಂತಂತೆ ಒಂದರ ಮುಂದೊಂದು. ಕೊನೆಗೆ ಒಂಟಿ ಕಾಲು. ಪ್ರತಿಯೊಂದೂ ಕೈ ಬಿಟ್ಟು 10 ಸೆಕೆಂಡ್ ಸಾಧ್ಯವಾದ ಮೇಲೆ ಮುಂದಿನದು. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ 51ರಿಂದ 75 ವರ್ಷದ 1,702 ಮಂದಿಯನ್ನು ಗಮನಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. 10 ಸೆಕೆಂಡ್ ಒಂಟಿ ಕಾಲಲ್ಲಿ ನಿಲ್ಲಲಾಗದವರಲ್ಲಿ ಮುಂದಿನ ಏಳು ವರ್ಷಗಳ ಸಾವಿನ ಅಪಾಯ ಶೇ 84ರಷ್ಟು ಹೆಚ್ಚಿತ್ತು. ಒಂಟಿ ಕಾಲಲ್ಲಿ ನಿಂತರೆ ಆಯುಷ್ಯ ಬೆಳೆಯುತ್ತದೆ ಎಂದು ಇದರ ಅರ್ಥವಲ್ಲ. ಒಳಗೆ ಏನೋ ಸೋರುತ್ತಿದೆ ಎಂಬುದರ ಗುರುತು ಅದು. ಆದರೆ ಬಲ ಮತ್ತು ಸಮತೋಲನದ ವ್ಯಾಯಾಮ ಬೀಳುವಿಕೆಯನ್ನು ತಗ್ಗಿಸುತ್ತದೆ ಎಂಬುದು ಬೇರೆಯಾಗಿಯೇ ಸಾಬೀತಾಗಿದೆ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು ರೂಪಿಸಿದ, ಮನೆಯಲ್ಲೇ ಮಾಡುವ ಇಂಥದ್ದೇ ಕ್ರಮದಿಂದ ಬೀಳುವಿಕೆ ಶೇ 35ರಷ್ಟು ಇಳಿಯಿತು.

ಯೋಗ ಮಾಡುವವರು ಹೊಸದಾಗಿ ಏನೂ ಕಲಿಯಬೇಕಿಲ್ಲ. ಉತ್ಕಟಾಸನ ತೊಡೆಗೆ, ವೃಕ್ಷಾಸನ ಸಮತೋಲನಕ್ಕೆ, ತಾಡಾಸನದಲ್ಲಿ ಹಿಮ್ಮಡಿ ಎತ್ತುವುದು ಮೀನಖಂಡಕ್ಕೆ ಸರಿಯಾಗಿ ಹೊಂದುತ್ತವೆ. ಹಿರಿಯರ ತರಗತಿಗಳಲ್ಲಿ ಪ್ರಾಣಾಯಾಮಕ್ಕೂ ಕೂತು ಮಾಡುವ ಆಸನಗಳಿಗೂ ಹೋಗುವ ಸಮಯದಲ್ಲಿ ಕಾಲು ಭಾಗವಾದರೂ ಈ ನಿಂತು ಮಾಡುವ ಆಸನಗಳಿಗೆ ಸಿಗಬೇಕು. ಒಂದು ಎಚ್ಚರಿಕೆ: ಬೆನ್ನುಮೂಳೆ ಟೊಳ್ಳಾಗಿದೆ ಎಂದು ಪರೀಕ್ಷೆಯಲ್ಲಿ ತಿಳಿದವರಿಗೆ ಪಾದಹಸ್ತಾಸನದಂತೆ ಪೂರ್ತಿ ಮುಂದಕ್ಕೆ ಬಾಗುವುದು, ಮೈಯನ್ನು ಜೋರಾಗಿ ತಿರುಚುವುದು ಬೇಡ. ಬೆನ್ನೆಲುಬಿನ ಮುಂಭಾಗ ಕುಸಿಯುವ ಅಪಾಯವಿದೆ.

ನಡಿಗೆಯನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಹತ್ತು ಸಾವಿರ ಹೆಜ್ಜೆಯ ಗೀಳು ಬೇಡ. ಆ ಲೆಕ್ಕ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹಬ್ಬಿದ್ದು, ವೈದ್ಯಕೀಯ ಸಂಶೋಧನೆಯಿಂದ ಹುಟ್ಟಿದ್ದಲ್ಲ. ಅರವತ್ತು ದಾಟಿದವರಲ್ಲಿ ದಿನಕ್ಕೆ ಆರರಿಂದ ಎಂಟು ಸಾವಿರ ಹೆಜ್ಜೆಗೆ ಆಯುಷ್ಯದ ಲಾಭ ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ ಎಂದು 2022ರಲ್ಲಿ ಹದಿನೈದು ಅಧ್ಯಯನಗಳನ್ನು ಒಟ್ಟಿಗೆ ತೂಗಿದಾಗ ಕಂಡಿದೆ. ಉಳಿಯುವ ಹೊತ್ತನ್ನು ಬಸ್ಕಿಗೆ ಕೊಡಿ. ನಡಿಗೆಯ ವೇಗ ಮಾತಾಡಲು ಆಗುವಂತೆ, ಹಾಡಲು ಆಗದಂತೆ ಇರಲಿ. ಸಕ್ಕರೆ ಕಾಯಿಲೆ ಇರುವವರಿಗೆ ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ನಡೆಯುವುದು ಊಟದ ಮೇಲೇರುವ ಸಕ್ಕರೆಯನ್ನು ಚೆನ್ನಾಗಿ ಹಿಡಿಯುತ್ತದೆ. ಇನ್ಸುಲಿನ್ ಚುಚ್ಚಿಕೊಂಡು ಅಥವಾ ಸಕ್ಕರೆ ಇಳಿಸುವ ಮಾತ್ರೆ ನುಂಗಿ ಬರಿ ಹೊಟ್ಟೆಯಲ್ಲಿ ಬೆಳಗಿನ ಜಾವ ಹೊರಡುವುದು ಅಪಾಯ. ನಡುಕ, ತಣ್ಣನೆ ಬೆವರು ಬಂದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಇರಬೇಕು.

ಶುರುಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕಾದವರಿದ್ದಾರೆ: ಕೂತಿರುವಾಗಲೇ ಬಿಪಿ 180/110ರಷ್ಟು ಇರುವವರು, ಇತ್ತೀಚೆಗೆ ಹೃದಯಾಘಾತವೋ ಶಸ್ತ್ರಚಿಕಿತ್ಸೆಯೋ ಆದವರು, ಕಣ್ಣಿನ ಒಳಪೊರೆಯಲ್ಲಿ ರಕ್ತಸ್ರಾವ ಆದವರು, ಹರ್ನಿಯ ಇರುವವರು. ವ್ಯಾಯಾಮದ ನಡುವೆ ಎದೆ ಬಿಗಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಬೇಕು.

ಊಟದ ಮಾತು ಬಿಟ್ಟರೆ ಇದೆಲ್ಲ ಅರೆಬರೆ. ಇಟ್ಟಿಗೆಯಿಲ್ಲದೆ ಗಾರೆಯವನು ಗೋಡೆ ಎಬ್ಬಿಸಲಾರ. ವಯಸ್ಸಾದವರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂಬುದು ತಜ್ಞರ ಸಲಹೆ. 60 ಕೆ.ಜಿ. ತೂಗುವವರಿಗೆ ದಿನಕ್ಕೆ 60ರಿಂದ 72 ಗ್ರಾಂ. ನಮ್ಮ ಹಿರಿಯರ ತಟ್ಟೆ ನೋಡಿ: ಬೆಳಿಗ್ಗೆ ಎರಡು ಇಡ್ಲಿ ಚಟ್ನಿ, ಅದರಲ್ಲಿ ಆರೇಳು ಗ್ರಾಂ. ಮಧ್ಯಾಹ್ನ ಅನ್ನ, ತಿಳಿಸಾರು. ರಾತ್ರಿ ‘ಹಗುರ ಇರಲಿ’ ಎಂದು ಗಂಜಿಯೋ ಎರಡು ಬಿಸ್ಕತ್ತೋ. ಎಲ್ಲ ಸೇರಿದರೂ ಬೇಕಾದದ್ದರ ಹತ್ತಿರಕ್ಕೂ ಬರುವುದಿಲ್ಲ.

ಇದನ್ನು ಸರಿಪಡಿಸಲು ಡಬ್ಬದ ಪುಡಿ ಕೊಳ್ಳಬೇಕಿಲ್ಲ. ಬಸ್ಸಾರು ಮಾಡಿದಾಗ ಕಟ್ಟು ಬಸಿದು ಸಾರಾಗುತ್ತದೆ, ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಹಲ್ಲಿಲ್ಲ ಎಂದು ಅಜ್ಜಿ ತಾತಂದಿರಿಗೆ ಬರೀ ಸಾರು ಬಡಿಸಿ ಪಲ್ಯವನ್ನು ಮಿಕ್ಕವರು ತಿಂದರೆ ಬೇಕಾದವರಿಗೇ ಬೇಕಾದದ್ದು ತಪ್ಪಿತು. ಆ ಕಾಳನ್ನು ನುಣ್ಣಗೆ ಬೇಯಿಸಿ, ಮಸೆದು ಮುದ್ದೆಯ ಪಕ್ಕ ಬಡಿಸಿ. 30 ಗ್ರಾಂ ಹುರುಳಿ, ಹೆಸರು ಅಥವಾ ಅಲಸಂದೆಯಲ್ಲಿ ಆರೇಳು ಗ್ರಾಂ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ ಆರು, 200 ಮಿ.ಲೀ. ಹಾಲಿನಲ್ಲಿ ಆರೇಳು, ಒಂದು ಹಿಡಿ ಕಡಲೆಬೀಜದಲ್ಲಿ ಏಳೆಂಟು. ಮೀನು ತಿನ್ನುವವರಿಗೆ 100 ಗ್ರಾಂನಲ್ಲಿ 18ರಿಂದ 20 ಗ್ರಾಂ ಸಿಗುತ್ತದೆ. ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೂ ಹಂಚಬೇಕು. ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದಂಶ 100 ಗ್ರಾಂಗೆ 340 ಮಿ.ಗ್ರಾಂ.ಗಿಂತ ಹೆಚ್ಚಿದೆ, ಆದರೆ ಪ್ರೋಟೀನ್ ಏಳು ಗ್ರಾಂ ಮಾತ್ರ. ಮುದ್ದೆಯೊಂದೇ ಸಾಲದು. ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲಿ.

ಬಲ ಬರುವವರೆಗೆ ಮನೆಯನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಬಚ್ಚಲಲ್ಲಿ, ಕಮೋಡ್ ಪಕ್ಕದಲ್ಲಿ ಗೋಡೆಗೆ ಮೊಳೆ ಹೊಡೆದ ಟವೆಲ್ ಸರಳು ಮೈಭಾರ ತಡೆಯದು, ಬೋಲ್ಟ್ ಹಾಕಿ ಬಿಗಿದ ಹಿಡಿಕೆ ಬೇಕು. ಅಟ್ಟೆ ಸವೆದ ಹವಾಯಿ ಚಪ್ಪಲಿ ಎಸೆಯಿರಿ. ರಾತ್ರಿ ಮೂತ್ರಕ್ಕೆ ಏಳುವವರು ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಹತ್ತು ಸಲ ಆಡಿಸಿ, ದೀಪ ಹಾಕಿ ಎದ್ದು ನಿಲ್ಲಲಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಎದ್ದ ಕೂಡಲೇ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುವುದುಂಟು. ನಿದ್ದೆ ಮಾತ್ರೆಯಿಂದಲೂ ಬೀಳುವ ಅಪಾಯ ಹೆಚ್ಚು.

ಬಿದ್ದರೆ ಏಳುವುದನ್ನೂ ಮೊದಲೇ ಅಭ್ಯಾಸ ಮಾಡಿಟ್ಟುಕೊಳ್ಳಬಹುದು. ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಮಂಚದವರೆಗೆ ತೆವಳಿ, ಅದರ ಮೇಲೆ ಎರಡೂ ಕೈ ಊರಿ, ಬಲವಾದ ಕಾಲನ್ನು ಮುಂದಿಟ್ಟು ಮೇಲೇಳುವುದು. ತೊಡೆಸಂದಿಯಲ್ಲಿ ವಿಪರೀತ ನೋವಿದ್ದು, ಪಾದ ಹೊರಕ್ಕೆ ತಿರುಗಿ, ಕಾಲು ಗಿಡ್ಡವಾದಂತೆ ಕಂಡರೆ ಏಳಿಸಲೇಬಾರದು. ಕಂಕುಳಿಗೆ ಕೈಹಾಕಿ ಎತ್ತುವುದು, ಉಳುಕೆಂದು ಎಣ್ಣೆ ಹಚ್ಚಿ ನೀವುವುದು ಬೇಡ. 108ಕ್ಕೆ ಕರೆ ಮಾಡಿ. ಸೊಂಟದ ಕೀಲು ಮುರಿದವರಿಗೆ ಶಸ್ತ್ರಚಿಕಿತ್ಸೆ ಎರಡು ದಿನದೊಳಗೆ ಆದಷ್ಟೂ ಒಳ್ಳೆಯದು.

ಕೊನೆಯದಾಗಿ, ಪತ್ರಿಕೆಯ ಮೂಲಕ ಸಂಬಂಧಪಟ್ಟವರಲ್ಲಿ ಮೂರು ಬೇಡಿಕೆ. ಉದ್ಯಾನಗಳ ಓಪನ್ ಜಿಮ್‌ಗಳಲ್ಲಿ ಹಿರಿಯರನ್ನು ಹೆಚ್ಚು ಸೆಳೆಯುವುದು ಕಾಲನ್ನು ಹಿಂದೆ ಮುಂದೆ ತೂಗುವ ಯಂತ್ರ. ಅದು ಉಯ್ಯಾಲೆಯಂತೆ ತಾನೇ ತೂಗುತ್ತದೆ, ಎದುರು ಭಾರವಿಲ್ಲದ್ದರಿಂದ ಬಲ ಬೆಳೆಯುವುದಿಲ್ಲ, ಇಳಿಯುವಾಗ ಜಾರುವ ಭಯ ಬೇರೆ. ಕಾಲಿಗೆ ನಿಜಕ್ಕೂ ಉಪಯುಕ್ತವಾದದ್ದು ಕೂತು ಎರಡೂ ಪಾದದಿಂದ ತಳ್ಳುವ ಯಂತ್ರವೊಂದೇ. ನಗರಸಭೆ, ಪಾಲಿಕೆಗಳು ಮುಂದಿನ ಬಾರಿ ಹಣ ಇಡುವಾಗ ಇನ್ನೊಂದು ತೂಗುಯಂತ್ರದ ಬದಲು 45 ಸೆಂ.ಮೀ. ಎತ್ತರದ ನಾಲ್ಕು ಕಲ್ಲುಬೆಂಚು, ಅವುಗಳ ಎದುರು 90 ಸೆಂ.ಮೀ. ಎತ್ತರದ ಗಟ್ಟಿ ಕಂಬಿ, ಹಿಡಿಕೆಯಿರುವ ಮೂರು ಮೆಟ್ಟಿಲು ಹಾಕಿಸಲಿ. ಖರ್ಚೂ ಕಡಿಮೆ, ರಿಪೇರಿಯೂ ಇಲ್ಲ.

ಎರಡನೆಯದು ಆರೋಗ್ಯ ಇಲಾಖೆಗೆ. ‘ಗೃಹ ಆರೋಗ್ಯ’ ಯೋಜನೆಯಡಿ ಮನೆ ಬಾಗಿಲಿಗೆ ಬಂದು ಬಿಪಿ, ಸಕ್ಕರೆ ನೋಡುವ ಸಿಬ್ಬಂದಿ ಅರವತ್ತು ದಾಟಿದವರಿಗೆ ಆ ಮೂವತ್ತು ಸೆಕೆಂಡಿನ ಕುರ್ಚಿ ಪರೀಕ್ಷೆಯನ್ನೂ ಮಾಡಿ, ಎಣಿಕೆಯನ್ನು ಕಾರ್ಡಿನಲ್ಲಿ ಬರೆಯುವಂತಾಗಲಿ. ಉಪಕರಣ ಏನೂ ಬೇಡ, ಕುರ್ಚಿ ಮನೆಯಲ್ಲೇ ಇರುತ್ತದೆ.

ಮೂರನೆಯದು ತಮ್ಮ ಪತ್ರಿಕೆಗೇ. ಭಾನುವಾರದ ಪುರವಣಿಯಲ್ಲಿ ಈ ನಾಲ್ಕು ವ್ಯಾಯಾಮಗಳನ್ನು ಸೀರೆ, ಪಂಚೆ ಉಟ್ಟ ಹಿರಿಯರ ಚಿತ್ರಗಳೊಂದಿಗೆ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ ಒಂದು ಪುಟ ಅಚ್ಚು ಹಾಕಿ. ಹಿಂಬದಿಯಲ್ಲಿ ಬೇರೇನೂ ಮುಖ್ಯವಾದದ್ದು ಇರದಿರಲಿ. ಅದನ್ನು ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸಿಕೊಳ್ಳುವವರಿದ್ದಾರೆ.

ಇಂತಿ,
ಹಿರಿಯರಿಗೆ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್‌ಗಳು
ಮೈಸೂರು